ಯೋಸ್‌ನ ನೊಣ

ಬ್ರೂಜ್ ಪಟ್ಟಣದ ಪುಸ್ತಕದವರ ಬೀದಿಯಲ್ಲಿ ಯೋಸ್‌ನ ನೊಣ ಗೊತ್ತಿಲ್ಲದವರಿರಲಿಲ್ಲ. ಪ್ರಾರ್ಥನಾ ಪುಸ್ತಕಗಳೊಳಗೆ ಸೇರಿಸಿ ಹೊಲಿಯುವ ಬಿಡಿ ಚಿತ್ರಗಳನ್ನು ತೊಗಲಿನ ಹಾಳೆಯ ಮೇಲೆ ಬರೆಯುವುದು ಯೋಸ್‌ನ ಕಸುಬು. ನಡುವೆ ಕೂಸನ್ನೆತ್ತಿಕೊಂಡ ಮಾತೆ ಮರಿಯ, ಸುತ್ತ ಚಿನ್ನದ ಅಂಚು, ಅಂಚಿನ ತುಂಬ ಈಗಷ್ಟೇ ಕಿತ್ತು ಚೆಲ್ಲಿದಂಥ ಸ್ಟ್ರಾಬೆರಿ, ನೀಲಿ ಹೂ. ಆ ಹೂಗಳ ಮಧ್ಯೆ ಎಲ್ಲೋ ಒಂದು ಕಡೆ ಒಂದೇ ಒಂದು ನೊಣ. ಗಿರಾಕಿಗಳು ಅದನ್ನು ಉಫ್ ಎಂದು ಊದುತ್ತಿದ್ದರು, ಅದು ಹಾರದಿದ್ದಾಗ ಪೆಚ್ಚಾಗಿ ನಗುತ್ತಿದ್ದರು, ಆಮೇಲೆ ತೆಪ್ಪಗೆ ಹಾಳೆಯನ್ನು ಕೊಳ್ಳುತ್ತಿದ್ದರು.

ಆ ನೊಣವನ್ನು ಬರೆಯುತ್ತಿದ್ದವಳು ಯೋಸ್‌ನ ಹೆಂಡತಿ ಗೋಡೆಲೀವೆ. ನೊಣವನ್ನಷ್ಟೇ ಏನು, ಒಂಬತ್ತು ವರ್ಷಗಳಿಂದ ಮಾತೆಯ ಕಣ್ಣರೆಪ್ಪೆಯಿಂದ ಕೂಸಿನ ಕಿರುಬೆರಳವರೆಗೆ ಎಲ್ಲವನ್ನೂ ಬರೆಯುತ್ತಿದ್ದವಳು ಅವಳೇ. ಗಂಡ ಹೆಂಡಿರಿಬ್ಬರನ್ನು ಬಿಟ್ಟರೆ ಇದು ಇನ್ನೊಂದು ನರಪಿಳ್ಳೆಗೆ ತಿಳಿಯದು.

ಯೋಸ್‌ಗೆ ಕೈನಡುಕ ಶುರುವಾದ ದಿನ, ಮುಗಿದ ಹಾಳೆಯ ಅಂಚಿನ ಮೇಲೆ ಕುಂಚದಿಂದ ಒಂದು ಕಪ್ಪು ಹನಿ ಬಿತ್ತು. ತಿಂಗಳ ದುಡಿಮೆ ನೀರುಪಾಲಾಯಿತೆಂದು ಅವನು ತಲೆಯ ಮೇಲೆ ಕೈಹೊತ್ತು ಕೂತ. ಅದುವರೆಗೆ ಬಣ್ಣ ಅರೆದು ಕೊಡುವುದಷ್ಟೇ ಅವಳ ಕೆಲಸವಾಗಿತ್ತು. ಅವಳು ಕುಂಚ ಎತ್ತಿಕೊಂಡು ಆ ಹನಿಗೆ ಎರಡು ರೆಕ್ಕೆ, ಆರು ಕಾಲು ಇಟ್ಟಳು. ಗಿರಾಕಿ ಬಂದವನೇ ಊದಿದ. ಊರೆಲ್ಲ ಯೋಸ್‌ನನ್ನು ಹೊಗಳಿತು. ಆಮೇಲೆ ಆ ನಡುಕ ನಿಲ್ಲಲೇ ಇಲ್ಲ. ಗೋಡೆಲೀವೆ ಕುಂಚವನ್ನು ಕೆಳಗಿಡಲೇ ಇಲ್ಲ.

ಹಾಳೆ ಮಾರಬೇಕಾದರೆ ಅದರ ಮೂಲೆಯಲ್ಲಿ ಬರೆದವನ ಮುದ್ರೆ ಬೀಳಬೇಕು. ಯೋಸ್‌ನದು ಕೆಂಪು ಹಕ್ಕಿ. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರ ಮುದ್ರೆ ಒತ್ತಿದ್ದು ಗೊತ್ತಾದರೆ ಚಿತ್ರಕಾರರ ಸಂಘ ಆ ಮುದ್ರೆಯನ್ನು ಒಡೆದುಹಾಕುತ್ತಿತ್ತು, ಸಿಕ್ಕ ಹಾಳೆಗಳನ್ನೆಲ್ಲ ಸಂಘದ ಬಾಗಿಲಲ್ಲೇ ಸುಡುತ್ತಿತ್ತು. ಮುದ್ರೆಯ ಒಡೆಯ ಸತ್ತರೂ ಒಡೆಯುವುದೇ. ಒಂಬತ್ತನೆಯ ವರ್ಷದ ಚಳಿಗಾಲದಲ್ಲಿ ಯೋಸ್ ಕೆಮ್ಮಿ ಕೆಮ್ಮಿ ರಕ್ತ ಕಾರತೊಡಗಿದಾಗ ಗೋಡೆಲೀವೆ ಲೆಕ್ಕ ಹಾಕಿದಳು. ಇವನು ಹೋದ ದಿನವೇ ತನ್ನ ಕೈಯೂ ಸತ್ತಂತೆ.

"ನಂದೇ ಒಂದು ಮುದ್ರೆ ಕೇಳ್ತೀನಿ," ಎಂದಳು ಒಂದು ಬೆಳಿಗ್ಗೆ. ಸಂಘದಲ್ಲಿ ಹೆಂಗಸರೂ ಇದ್ದರು, ಅದೇನು ಹೊಸದಲ್ಲ. ಹಿರಿಯರ ಮುಂದೆ ಸ್ವಂತದ ಒಂದು ಹಾಳೆ ಇಟ್ಟರೆ ಸಾಕು.

"ಹುಚ್ಚು ಹಿಡಿದಿದೆಯೇನೇ ನಿಂಗೆ? ನೋಡಿದ ತಕ್ಷಣ ನನ್ನ ಕೈ ಅಂತಾರೆ," ಎಂದ ಯೋಸ್.

ನನ್ನ ಕೈಯಂತೆ! ಊಟದ ಚಮಚ ಹಿಡಿಯಲಾರದ ಕೈ. ಗೋಡೆಲೀವೆ ತುಟಿ ಕಚ್ಚಿಕೊಂಡು, "ಬೇರೆ ಥರ ಬರೀತೀನಿ ಬಿಡು," ಎಂದಳು.

ಹಾಗೇ ಬರೆದಳು. ಮಾತೆಯ ಬದಲು, ಅಪ್ಪನೇ ಗೋಪುರದಲ್ಲಿ ಕೂಡಿಹಾಕಿದ ಸಂತ ಬಾರ್ಬರಾ. ಚಿನ್ನದ ಬದಲು ಹಸಿರು ಅಂಚು. ಹೂವಿನ ಬದಲು ಬಟಾಣಿ ಕಾಯಿ. ಮೂರು ವಾರ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಆ ಮೂರು ವಾರ ಅವಳು ಸುಖವಾಗಿದ್ದಳು, ಅದನ್ನು ಮುಚ್ಚಿಡುವುದೇಕೆ? ಕೆಲಸ ಮಾಡುತ್ತ ಮಾಡುತ್ತ ಹಾಡಿಕೊಂಡಳು ಕೂಡ.

ಸಂಘದ ಮನೆಯಲ್ಲಿ ಮುಖ್ಯಸ್ಥ ವೌಟರ್ ಮತ್ತು ಇಬ್ಬರು ಹಿರಿಯರು ಹಾಳೆಯ ಮೇಲೆ ಬಾಗಿದರು. ಬಾರ್ಬರಾಳ ಮುಖ ನೋಡಿ ವೌಟರ್ ತಲೆದೂಗಿದ. ಅಂಚಿಗೆ ಕಣ್ಣು ಹಾಯಿಸಿದ. ಆಮೇಲೆ ತುಟಿ ಕೂಡಿಸಿ ಉಫ್ ಎಂದು ಊದಿದ.

ಗೋಡೆಲೀವೆ ಬಗ್ಗಿ ನೋಡಿದಳು. ಎರಡು ಬಟಾಣಿ ಕಾಯಿಗಳ ನಡುವೆ ಅದು ಕೂತಿತ್ತು. ಯಾವಾಗ ಬರೆದಳೋ ಅವಳಿಗೇ ನೆನಪಿಲ್ಲ. ಒಂಬತ್ತು ವರ್ಷ ಹಾಳೆ ಮುಗಿದಾಗಲೆಲ್ಲ ಮಾಡಿದ್ದನ್ನು ಕೈ ತನ್ನ ಪಾಡಿಗೆ ತಾನು ಮಾಡಿತ್ತು.

"ಯೋಸ್‌ನ ನೊಣ!" ಎಂದು ಒಬ್ಬ ಹಿರಿಯ ಗಹಗಹಿಸಿದ.

ವೌಟರ್ ನಗಲಿಲ್ಲ. "ಅಲ್ಲಮ್ಮ, ಗಂಡನ ಹಾಳೆ ತಂದು ನಂದು ಅಂತೀಯಲ್ಲ, ನಾಚಿಕೆ ಆಗಲ್ವಾ?"

"ನಂದೇ, ಸ್ವಾಮಿ."

"ನಿಂದೇನಾ? ಸರಿ, ಹಾಗಾದ್ರೆ ಕೂತ್ಕೋ. ನಮ್ಮ ಕಣ್ಣೆದುರಿಗೇ ಇನ್ನೊಂದು ನೊಣ ಬರಿ, ನೋಡೋಣ."

ಕುಂಚ, ಕಪ್ಪು ಬಣ್ಣ, ತೊಗಲಿನ ಒಂದು ತುಂಡು ಅವಳ ಮುಂದೆ ಬಂದವು. ನೊಣ ಬರೆಯುವುದು ಅವಳಿಗೆ ಉಸಿರಾಡಿದಷ್ಟೇ ಸಲೀಸು. ಬರೆದರೆ ಈ ಹಾಳೆ ಅವಳದಾಗುತ್ತದೆ. ಹಾಗಾದ ಮರುಗಳಿಗೆ ವೌಟರ್ ಕೇಳುತ್ತಾನೆ: ಹಾಗಾದರೆ ಈ ಊರಿನ ಅಷ್ಟೂ ನೊಣಗಳು ಯಾರವು? ಒಂಬತ್ತು ವರ್ಷ ಬರೆದ ಮಾತೆಯರು ಬಾಗಿಲ ಮುಂದೆ ಬೆಂಕಿಗೆ ಬೀಳುತ್ತಾರೆ. ಕೆಮ್ಮುತ್ತ ಮಲಗಿದವನ ಹಕ್ಕಿಯನ್ನು ಅವನ ಕಣ್ಣೆದುರೇ ಒಡೆಯುತ್ತಾರೆ. ಮೋಸಕ್ಕೆ ಕೈ ಜೋಡಿಸಿದವಳಿಗೆ ಮುದ್ರೆ ಕೊಡುವವರು ಯಾರು? ಬರೆಯದಿದ್ದರೆ ಅವಳು ಸುಳ್ಳಿ. ಯಾವ ಕಡೆ ತಿರುಗಿದರೂ ಗೋಡೆಯೇ.

ಗೋಡೆಲೀವೆ ಕುಂಚ ಅದ್ದಿ, ಬೇಕೆಂದೇ ಕೈ ನಡುಗಿಸಿದಳು. ನಡುಗಿಸುವುದು ಹೇಗೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಒಂದು ಕಪ್ಪು ಹನಿ ತೊಟ್ಟಿಕ್ಕಿ ಹರಡಿತು. ಅದಕ್ಕೆ ರೆಕ್ಕೆಯೆಂದು ಎರಡು ಸೊಟ್ಟ ಗೆರೆ ಎಳೆದಳು.

"ಇದೇನು ನೊಣಾನೋ, ಕಾಲಲ್ಲಿ ತುಳಿದ ದ್ರಾಕ್ಷೀನೋ?" ಎಂದ ಇನ್ನೊಬ್ಬ ಹಿರಿಯ. "ಹೋಗಿ ಹೆರಿಂಗ್ ಮೀನು ಹುರಿ, ಹೋಗಮ್ಮ!"

ಅವಳು ತಲೆ ತಗ್ಗಿಸಿ ಕೂತಳು. ಆ ಹೊಲಸು ಹನಿಯನ್ನು ನೋಡಿ ಅಳು ಒತ್ತರಿಸಿ ಬಂತು. ಬೈಗುಳಕ್ಕಲ್ಲ; ಜೀವಮಾನದಲ್ಲಿ ಮೊದಲ ಸಲ ಅವಳದೇ ಎಂದು ಬೇರೆಯವರು ಒಪ್ಪಿದ ಕೆಲಸ ಇದು.

ಬಾಗಿಲವರೆಗೆ ಬಂದ ವೌಟರ್ ಹಾಳೆಯನ್ನು ಮೆಲ್ಲಗೆ ಅವಳ ಕೈಗಿತ್ತ. "ಮನಸ್ಸಿಗೆ ಹಚ್ಕೋಬೇಡ ತಾಯಿ. ಇದಕ್ಕೆ ಮುದ್ರೆ ಒತ್ತೋದು ಮರ್ತಿದಾನೆ ಅಂತ ಯೋಸ್‌ಗೆ ಹೇಳು. ಇಷ್ಟು ಚೆನ್ನಾಗಿ ಅವ್ನು ಯಾವತ್ತೂ ಬರೆದಿರ್ಲಿಲ್ಲ."

ಮನೆಗೆ ಬಂದಾಗ ಯೋಸ್ ದಿಂಬಿಗೊರಗಿ ಕಾಯುತ್ತಿದ್ದ. "ಏನಂದ್ರು?"

"ನಿನ್ನ ಹಾಳೆ ಅಂದ್ರು. ನಿನ್ನ ಕೈಯಲ್ಲಿ ಇಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ ಅಂದ್ರು."

ಅವನು ಕಣ್ಣು ತಗ್ಗಿಸಬೇಕಿತ್ತು. ತಗ್ಗಿಸಲಿಲ್ಲ. ಬತ್ತಿದ ಮುಖ ಒಂದು ಗಳಿಗೆ ಅರಳಿತು. "ವೌಟರೇ ಅಂದನಾ?"

ಗೋಡೆಲೀವೆ ಪೆಟ್ಟಿಗೆಯಿಂದ ಹಕ್ಕಿಯ ಮುದ್ರೆ ತೆಗೆದು ಕೆಂಪು ಮಸಿಗೆ ಅದ್ದಿ ಅವನ ಬೆರಳುಗಳ ನಡುವೆ ಇಟ್ಟಳು. ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಾರ್ಬರಾಳ ಗೋಪುರದ ಕೆಳಗಿನ ಮೂಲೆಗೆ ತಂದಳು.

"ಲೀವೆ, ಅಷ್ಟು ಗಟ್ಟಿಯಾಗಿ ಹಿಡೀಬೇಡ್ವೇ, ನೋಯತ್ತೆ."

"ಬಿಟ್ರೆ ಅಲ್ಲಾಡತ್ತೆ," ಎಂದು ಅವಳು ಒತ್ತಿದಳು.