ಕೈ ಅಲ್ಲಾಡಿಸಬ್ಯಾಡ ಅಣ್ಣಾ

ಈ ವಾರ ನನ್ನ ಎಡಗೈ ಹೆಬ್ಬೆರಳು ಬದನೆಕಾಯಿ ಆಗಿದೆ. ಟೆಂಪೋ ಗೇರ್ ಹಾಕುವಾಗೆಲ್ಲ ಜೀವ ಹೋಗುತ್ತದೆ. ಕಾರಣ ಒಬ್ಬ ಹುಡುಗಿ. (ನೀವು ಅಂದುಕೊಂಡ ಹಾಗಲ್ಲ.)

ಹುಡುಗಿ ಹೆಸರು ಕಸ್ತೂರಿ. ವಾಸ್ಕೋ ಪಕ್ಕದ ನಮ್ಮ ಸಡಾ ಗುಡ್ಡದವಳೇ, ನಮ್ಮ ಮನೆ ದಾಟಿ ನಾಲ್ಕು ಮೆಟ್ಟಿಲು ಹತ್ತಿದರೆ ಅವರ ಮನೆ. ತಾಯಿ ಶಾಂತವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ನನಗೆ ಚಿಗವ್ವ ಇದ್ದ ಹಾಗೆ. ಕಸ್ತೂರಿ ಆಡುವುದು ಬೇಸ್‌ಬಾಲ್. ಅದರಲ್ಲಿ ಪಿಚರ್. ಅಂದರೆ ಬ್ಯಾಟ್ ಹಿಡಿದವರಿಗೆ ಬಾಲ್ ಎಸೆಯುವವಳು. ನಮ್ಮ ಕ್ರಿಕೆಟ್ ಬೌಲರ್ ತರಹ, ಆದರೆ ಓಡಿ ಬರುವುದಿಲ್ಲ, ಬಾಲನ್ನು ನೆಲಕ್ಕೆ ಕುಟ್ಟುವುದಿಲ್ಲ. ನಿಂತಲ್ಲಿಂದಲೇ ಎಸೆತ. ಬ್ಯಾಟಿನವರ ಹಿಂದೆ ಕುಕ್ಕರಗಾಲಲ್ಲಿ ಕೂತವರ ಗ್ಲೌಸಿಗೆ ಬಂದು ಬೀಳಬೇಕು.

ಇಷ್ಟೇ ತಾನೆ, ಇದರಲ್ಲೇನಿದೆ ಅಂತ ನಾನೂ ಅಂದಿದ್ದೆ.

ಹೋದ ಭಾನುವಾರ ರಾಜ್ಯ ತಂಡದ ಆಯ್ಕೆ ಇತ್ತು. ತಾಯಿ ಮಗಳನ್ನು ನಾನೇ ಟೆಂಪೋದಲ್ಲಿ ಗ್ರೌಂಡಿಗೆ ಕರೆದುಕೊಂಡು ಹೋದೆ. ಬಾಲ್ ಹಿಡಿಯುವ ಹುಡುಗಿ ಇನ್ನೂ ಬಂದಿರಲಿಲ್ಲ. ಕಸ್ತೂರಿಗೆ ಕೈ ಬಿಸಿ ಮಾಡಿಕೊಳ್ಳುವ ಅವಸರ. ಗ್ಲೌಸ್ ನನ್ನ ಕೈಗೆ ತುರುಕಿ ಕೂರಿಸಿದಳು.

"ಕೈ ಅಲ್ಲಾಡಿಸಬ್ಯಾಡ ಅಣ್ಣಾ. ಎಲ್ಲಿ ಇಟ್ಟಿ ಅಲ್ಲೇ ಇರ್ಲಿ. ಬಾಲ್ ತಾನ ಬರ್ತದ."

ನಾನು ಸಡಾದ ಟೆನಿಸ್ ಬಾಲ್ ಟೀಮಿನ ಫೀಲ್ಡರ್. ನನಗೇ ಹೇಳಿಕೊಡುತ್ತಾಳಲ್ಲ! ಬಾಲ್ ಬಂತು. ಹಿಡಿಯುತ್ತೇನೆ ಅಂತ ಕೈ ಮುಂದೆ ಮಾಡಿದೆ. ಹೆಬ್ಬೆರಳಿಗೆ ಬಡಿಯಿತು. ಬದನೆಕಾಯಿ.

ಆಮೇಲೆ ಅಲ್ಲಾಡಿಸಲಿಲ್ಲ. ಹೆದರಿ ಕಣ್ಣೇ ಮುಚ್ಚಿದೆ. ಠಪ್. ಗ್ಲೌಸಿನ ನಡುವೆ. ಮತ್ತೆ ಠಪ್. ಅದೇ ಜಾಗ. ಕೈ ಸ್ವಲ್ಪ ಕೆಳಗಿಟ್ಟೆ, ಬಾಲ್ ಅಲ್ಲಿಗೇ ಬಂತು. ಬದಿಗಿಟ್ಟೆ, ಬದಿಗೇ ಬಂತು. ಯಾರೋ ಎದುರು ನಿಂತು ನನ್ನ ಅಂಗೈಯಲ್ಲಿ ಬಾಲ್ ಇಟ್ಟು ಹೋದ ಹಾಗೆ.

ಕಸ್ತೂರಿಯ ಇದೇ ಭುಜದ ಸ್ನಾಯು ಹೋದ ವರ್ಷ ಹರಿದಿತ್ತು, ಗೊತ್ತಾ?

ಆಗ ಒಂದು ಮ್ಯಾಚಿನಲ್ಲಿ ಭುಜ ನೋಯುತ್ತಿದ್ದರೂ ಇವಳು ಬಾಯಿ ಬಿಡಲಿಲ್ಲ. ಹಲ್ಲು ಕಚ್ಚಿ ಎಸೆದಳು. ಕೊನೆಗೆ ಗ್ರೌಂಡಿನಲ್ಲೇ ಕೂತುಬಿಟ್ಟಳು. ಮ್ಯಾಚು ಹೋಯಿತು, ಕೈಯೂ ಹೋಯಿತು. ತಿಂಗಳುಗಟ್ಟಲೆ ಕೈ ತಲೆಯವರೆಗೆ ಏಳುತ್ತಿರಲಿಲ್ಲ. ಶಾಂತವ್ವನೇ ಜಡೆ ಹಾಕುತ್ತಿದ್ದಳು. ಮಗಳು ಅತ್ತರೂ ಅವಳು ಸಮಾಧಾನ ಹೇಳಲಿಲ್ಲ. ಜಡೆ ಎಳೆದು ಬೈದಳು.

"ಇಟ್ಟಂಗಿ ಒಗಿಯೂ ಮಂದಿ ನಾವು. ರಟ್ಟಿ ಸೋತ್ರ ಸೋತೈತಿ ಅಂತ ಬಾಯಿಬಿಟ್ಟು ಹೇಳ್ತೀವಿ. ನೀ ಯಾಕ ಹೇಳ್ಲಿಲ್ಲ?"

ಕಟ್ಟಡದ ಕೆಲಸ ನೋಡದವರಿಗೆ ಇದು ತಿಳಿಯುವುದಿಲ್ಲ. ಕೆಳಗೆ ನಿಂತವರು ಇಟ್ಟಂಗಿಯನ್ನು ಮೇಲಕ್ಕೆ ಎಸೆಯುತ್ತಾರೆ. ಮೇಲೆ ಬಗ್ಗಿ ನಿಂತವನು ಹಿಡಿಯುತ್ತಾನೆ. ಜೋರಾದರೆ ಅವನ ಮುಖಕ್ಕೆ, ಕಡಿಮೆಯಾದರೆ ತಿರುಗಿ ನಿಮ್ಮ ತಲೆಗೆ. ಮೇಲೇರಿ, ಇನ್ನೇನು ಕೆಳಗೆ ಬರಬೇಕು ಅನ್ನುವಷ್ಟರಲ್ಲಿ ಅದು ಅವನ ಕೈ ಹತ್ತಿರ ಇರಬೇಕು. ಹೂವು ಕಿತ್ತ ಹಾಗೆ ಅವನು ತೆಗೆದುಕೊಳ್ಳಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಪ್ರತಿ ಇಟ್ಟಂಗಿಯೂ ಹಾಗೇ.

ಅದಕ್ಕೇ ಆ ಗ್ಯಾಂಗಿನಲ್ಲಿ ಒಂದು ಪದ್ಧತಿ ಇದೆ. ರಟ್ಟೆ ಸೋತರೆ ಎಸೆಯುವ ಮೊದಲೇ ಕೂಗಿ ಹೇಳಬೇಕು. ಆಗ ಇನ್ನೊಬ್ಬರು ಬಂದು ಆ ಜಾಗದಲ್ಲಿ ನಿಲ್ಲುತ್ತಾರೆ. ಹೇಳಿದವರನ್ನು ನೋಡಿ ಯಾರೂ ನಗುವುದಿಲ್ಲ. ಹೇಳದೆ ಎಸೆದವರನ್ನು ಮಾತ್ರ ಗ್ಯಾಂಗಿಗೆ ಮತ್ತೆ ಸೇರಿಸುವುದಿಲ್ಲ.

ಆಮೇಲೆ ಕಸ್ತೂರಿ ಮಾಡಿದ್ದನ್ನು ನಾನು ದಿನಾ ಕಣ್ಣಾರೆ ನೋಡಿದೆ. ನಳದ ನೀರು ಬರುವ ಮೊದಲೇ ಎದ್ದು, ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ನಿಧಾನ ಎಳೆಯುವುದು. ಅಷ್ಟೇ. ಆಮೇಲಾಮೇಲೆ ಗೋಡೆಗೆ ಹತ್ತಿರದಿಂದ ಮೆಲ್ಲಗೆ ಬಾಲ್ ಹಾಕುವುದು. ಮಳೆಗಾಲ ಪೂರ್ತಿ ಅದೇ. ನೋಡುವ ನನಗೇ ಬೇಜಾರಾಯಿತು. ಜೋರಾಗಿ ಎಸೆಯುವುದು ಯಾವಾಗ ಅಂತ ಕೇಳಿದೆ.

"ಅದನ್ನ ಕೇಳಬ್ಯಾಡ ಅಣ್ಣಾ. ಇವತ್ತಿಂದು ಆತು."

ಸರಿ, ಭಾನುವಾರಕ್ಕೆ ಬರೋಣ. ತಂಡದಲ್ಲಿ ಪಿಚರ್‌ಗೆ ಉಳಿದಿದ್ದು ಒಂದೇ ಜಾಗ. ಅದಕ್ಕೆ ಇಬ್ಬರು. ಒಬ್ಬಳು ಕಸ್ತೂರಿ, ಇನ್ನೊಬ್ಬಳು ವಾಸ್ಕೋದ ರೋಜಿ. ಇಬ್ಬರೂ ಒಂದೇ ಕ್ಲಬ್ಬಿನವರು, ಅವತ್ತಿನ ಆಯ್ಕೆ ಮ್ಯಾಚಿನಲ್ಲೂ ಒಂದೇ ಕಡೆ. ಮೊದಲು ಕಸ್ತೂರಿ ಎಸೆಯಲು ನಿಂತಳು. ಬ್ಯಾಟ್ ಹಿಡಿದು ಬಂದವರೆಲ್ಲ ಗಾಳಿಗೆ ಬ್ಯಾಟ್ ಬೀಸಿ ಔಟಾಗಿ ಹೋದರು. ಕೋಚ್ ಸರ್ ಮಾತಾಡುವುದನ್ನೇ ಬಿಟ್ಟು ನೋಡುತ್ತಿದ್ದರು. ಬೇಲಿ ಹತ್ತಿರ ನಾನು ಕುಣಿಯುವುದೊಂದು ಬಾಕಿ. ಇನ್ನೊಬ್ಬಳನ್ನು ಔಟ್ ಮಾಡಿದರೆ ಮ್ಯಾಚು ಇವರದು. ಜಾಗವೂ ಇವಳದೇ.

ಆಗ ಕಸ್ತೂರಿ ಎಸೆಯದೆ ನಿಂತುಬಿಟ್ಟಳು.

ಬಾಲ್ ಹಿಡಿದು ಭುಜ ಒಂದು ಸಲ ತಿರುಗಿಸಿದಳು. ಮತ್ತೊಂದು ಸಲ. ನಾನು ಮನಸ್ಸಿನಲ್ಲೇ ಒಗಿ, ಒಗಿ ಅನ್ನುತ್ತಿದ್ದೆ. ಅವಳು ಎಡಗೈ ಎತ್ತಿದಳು. ಕೋಚ್ ಕಡೆ ನೋಡಿ ಭುಜ ತೋರಿಸಿದಳು.

ನನ್ನ ಪಕ್ಕದಲ್ಲಿ ಶಾಂತವ್ವ ಉಸಿರು ಬಿಟ್ಟಳು. "ಹೇಳಿದ್ಲು," ಅಂದಳು. ಅಷ್ಟೇ.

ರೋಜಿ ಬಂದಳು. ಕಸ್ತೂರಿ ಬಾಲನ್ನು ಅವಳ ಕೈಯಲ್ಲಿಟ್ಟು, ಬ್ಯಾಟಿನವಳನ್ನು ತೋರಿಸಿ ಕಿವಿಯಲ್ಲಿ ಏನೋ ಹೇಳಿದಳು. (ಮೇಲಿನ ಬಾಲಿಗೆ ಅವಳು ಬೀಸುವುದಿಲ್ಲ, ಕೆಳಗೆ ಹಾಕು ಅಂದಳಂತೆ.) ಯಾರಿಗೆ ಹೇಳುತ್ತಿದ್ದಾಳೆ ನೋಡಿ. ತನ್ನ ಜಾಗಕ್ಕೆ ಬಂದವಳಿಗೆ. ರೋಜಿ ಕೆಳಗೆ ಹಾಕಿದಳು. ಔಟ್. ಎಲ್ಲರಿಗಿಂತ ಮೊದಲು ಓಡಿ ಹೋಗಿ ಅವಳನ್ನು ತಬ್ಬಿಕೊಂಡವಳು ಕಸ್ತೂರಿ. ಒಂದೇ ಕೈಯಲ್ಲಿ.

ಸಂಜೆ ಕೋಚ್ ರೋಜಿಯ ಹೆಸರು ಹೇಳಿದರು. ಕಸ್ತೂರಿಗೆ, ಪೂರ್ತಿ ವಾಸಿ ಮಾಡಿಕೊಂಡು ಮುಂದಿನ ಸಲ ಬಾ ಅಂದರು.

ವಾಪಸ್ ಬರುವಾಗ ಟೆಂಪೋದಲ್ಲಿ ನನಗೆ ತಡೆಯಲಾಗಲಿಲ್ಲ. ಹುಚ್ಚೀ, ಎರಡು ಬಾಲ್ ಎಸೆದಿದ್ದರೆ ಮುಗಿಯುತ್ತಿತ್ತಲ್ಲ ಅಂತ ಬೈದೆ. ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಕಣ್ಣು ಒದ್ದೆ ಇತ್ತು. ದನಿ ಒದ್ದೆ ಇರಲಿಲ್ಲ.

"ಒಂದು ಒಗಿತಿದ್ದೆ ಅಣ್ಣಾ. ಎರಡನೇದು ಎಲ್ಲಿ ಹೋಗ್ತದಂತ ನನಗ ಗೊತ್ತಿರಲಿಲ್ಲ."

ಶಾಂತವ್ವ ದಾರಿಯುದ್ದಕ್ಕೂ ಮಗಳ ಭುಜ ಒತ್ತುತ್ತಾ ಬಂದಳು.

ನಾವು ಗಂಡಸರು ಏನು ಮಾಡುತ್ತೇವೆ? ಸೊಂಟ ಹಿಡಿದಿದ್ದರೂ ಗುಳಿಗೆ ನುಂಗಿ ಲೋಡು ಹೊರುತ್ತೇವೆ. ಕಣ್ಣು ಎಳೆಯುತ್ತಿದ್ದರೂ 'ನಡಿತೈತಿ' ಅಂತ ಸ್ಟಿಯರಿಂಗ್ ಹಿಡಿಯುತ್ತೇವೆ. ಅದಕ್ಕೆ ಧೈರ್ಯ ಅಂತ ಹೆಸರಿಟ್ಟಿದ್ದೇವೆ. ಪಕ್ಕದಲ್ಲಿ ಕೂತವನ ಜೀವ ಯಾರ ಲೆಕ್ಕಕ್ಕೆ? ಗೆಲ್ಲುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗೆಲುವು ಕೈಯಲ್ಲಿದ್ದಾಗ ಅದನ್ನು ಇನ್ನೊಬ್ಬರ ಕೈಯಲ್ಲಿಟ್ಟವರನ್ನು ನೋಡಿದ್ದು ಇದೇ ಮೊದಲು.

ನಿನ್ನೆ ಬೆಳಿಗ್ಗೆ ಆ ಮೆಟ್ಟಿಲು ಹತ್ತಿ ಹೋದೆ. ಅದೇ ಕಿಟಕಿ, ಅದೇ ರಬ್ಬರ್ ಪಟ್ಟಿ, ಅದೇ ನಿಧಾನ. ಮತ್ತೆ ಮೊದಲಿನಿಂದ. ಬಾಲ್ ಹಿಡಿಯಲು ಕೂರಲೇ ಅಂತ ಕೇಳಿದೆ. ನನ್ನ ಬದನೆಕಾಯಿ ನೋಡಿ ನಕ್ಕಳು. ಇನ್ನೂ ಇಲ್ಲ, ಎಸೆಯುವ ದಿನ ತಾನೇ ಕರೆಯುತ್ತೇನೆ ಅಂದಳು.

ಕರೆಯುತ್ತಾಳೆ. ಅವತ್ತು ನಾನು ಕೈ ಅಲ್ಲಾಡಿಸುವುದಿಲ್ಲ, ಕಣ್ಣು ಮುಚ್ಚಿಕೊಂಡೇ ಕೂರುತ್ತೇನೆ.

ನೀವು ಹಾಗೆ ಕಣ್ಣು ಮುಚ್ಚಿ ಕೂರಬಹುದಾದವರು ನಿಮ್ಮ ಸುತ್ತ ಯಾರಿದ್ದಾರೆ?