ಸುಮ್ಮನೆ ಕೂತರೆ ಏನು ಕೇಳಿಸುತ್ತದೆ?

ತೆಲುಗು ನಾಡಿನ ಮೆಹದಿಪಟ್ಟಣಂನಲ್ಲಿ ಬಸ್ಸು ಹತ್ತಿ ಧ್ಯಾನಕೇಂದ್ರಕ್ಕೆ ಹೊರಟಿದ್ದೆ. ಅಲ್ಲಿ ಕೆಲವು ದಿನ ಯಾರೊಂದಿಗೂ ಮಾತಾಡುವಂತಿಲ್ಲ. ನನ್ನಿಂದ ಆದೀತೇ ಎಂಬ ಅಳುಕನ್ನು, ಪಕ್ಕದ ಸೀಟಿನಲ್ಲಿ ಕನ್ನಡದಲ್ಲಿ ಮಾತಾಡಿ ಫೋನ್ ಇಟ್ಟ ಹಿರಿಯ ಹೆಂಗಸಿನ ಹತ್ತಿರ ಹೇಳಿಕೊಂಡೆ.

"ನಮ್ಮ ಮನಿಯವರಿಗೆ ಲಕ್ವಾ ಹೊಡದು ಮಾತು ಹೋಗೇತ್ರಿ. ದಿನಾ ಸುಮ್ಮನ ಕುಂತಿರ್ತಾರ. ಹಂಗ ಕುಂತ್ರ ಒಳಗ ಏನು ಕೇಳಸ್ತೈತಿ, ತಿಳಕೊಂಡು ಬಂದು ನನಗ ಹೇಳ್ರಿ," ಎಂದು ನಂಬರು ಕೊಟ್ಟರು.

ಶಾಂತಿ ಬೇಕೆಂದು ಹೊರಟವನಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಅದನ್ನೇ ಹೊತ್ತು ಒಳಗೆ ಹೋದೆ.

ಶಿಬಿರ ಮುಗಿದ ಕೂಡಲೇ ಫೋನ್ ಮಾಡಿದೆ. "ಒಳಗೆಲ್ಲ ಬರೀ ಮಾತೇ ಅಮ್ಮಾ. ಹಳೇ ಜಗಳ, ಹಳೇ ಹಾಡು, ಒಂದೂ ನಿಲ್ಲಲಿಲ್ಲ."

"ಹೌದಾ? ಹಂಗಾರ ನಮ್ಮವರೂ ಒಳಗ ಮಾತಾಡಾಕತ್ತಾರ!" ಅವರ ದನಿ ಅರಳಿತು. "ಮತ್ತ ನಾನ್ಯಾಕ ಅವರ ಮುಂದ ಸುಮ್ಮನಿರಲಿ? ಇಡ್ರಿ ಫೋನು!"