ನೇತ್ರಾಣಿಯಲ್ಲಿ ಕೈಕೊಟ್ಟ ಕಿವಿ

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ, ಅದು ಪ್ರಾಣಿ ಎಂದು ರಿಪ್ಪನ್‌ಪೇಟೆಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಒಂದನ್ನೂ ಕಣ್ಣಾರೆ ಕಂಡವಳಲ್ಲ. ನಲವತ್ತೈದು ತುಂಬಿದ ಮೇಲೆ, ನೇತ್ರಾಣಿ ದ್ವೀಪದ ಹತ್ತಿರ ಸಮುದ್ರಕ್ಕಿಳಿದು ನೋಡಿಯೇ ಬಿಡಬೇಕೆಂದು ಹಠ ಹಿಡಿದೆ. ಅದಕ್ಕೆಂದೇ ಈಜು ಕಲಿತೆ. ಭಾನುವಾರ ಬಂದರೆ ಸಾಗರದ ಬಸ್ಸು ಹತ್ತಿ ಹೊನ್ನೆಮರಡಿನ ಹಿನ್ನೀರಿಗೆ ಹೋಗುತ್ತಿದ್ದೆ. ಟೀಚರು ಲೈಫ್ ಜಾಕೆಟ್ ಹಾಕಿಕೊಂಡು ಕೈಕಾಲು ಬಡಿಯುವುದನ್ನು ನೋಡಿ ದಡದಲ್ಲಿದ್ದವರು ನಗುತ್ತಿದ್ದರು. ನಗಲಿ ಅಂದುಕೊಂಡೆ. ವರ್ಷ ತುಂಬುವುದರೊಳಗೆ ಜಾಕೆಟ್ ಬಿಚ್ಚಿಟ್ಟು ಈಜತೊಡಗಿದೆ.

ನೇತ್ರಾಣಿಗೆ ದೋಣಿ ಹೊರಡುವ ಮುರುಡೇಶ್ವರಕ್ಕೆ ನನ್ನ ಜೊತೆ ಬಂದವಳು ಅಕ್ಕ. ತೀರ್ಥಹಳ್ಳಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. ತುಂಗೆಯಲ್ಲಿ ಮೊಣಕಾಲಿನ ಮೇಲೆ ನೀರು ಬಂದರೆ ಕೂಗುವ ಹೆಂಗಸು. ದೋಣಿ ನೋಡುವ ಆಸೆಗೆ ಬಂದಿದ್ದಳು, ಅಷ್ಟೇ.

ದ್ವೀಪದ ಪಕ್ಕ ದೋಣಿ ನಿಂತಿತು. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಲ್ಲಿ ಕೊಳವೆ. ನಮ್ಮನ್ನು ನೀರಿಗಿಳಿಸುವ ಹುಡುಗಿ ಮೊದಲೇ ಹೇಳಿಕೊಟ್ಟಿದ್ದಳು: ಇಳಿಯುತ್ತಾ ಮೂಗು ಹಿಡಿದು ಊದಬೇಕು, ಆಗ ಕಿವಿ ತೆರೆದುಕೊಳ್ಳುತ್ತದೆ. ಎರಡಾಳು ಆಳ ಇಳಿದಿರಲಿಲ್ಲ, ಬಲಗಿವಿಗೆ ದಬ್ಬಳ ಚುಚ್ಚಿದ ಹಾಗಾಯಿತು. ಊದಿದೆ. ಮತ್ತೆ ಊದಿದೆ. ಹುಡುಗಿ ನನ್ನನ್ನು ಸ್ವಲ್ಪ ಮೇಲಕ್ಕೆತ್ತಿ ಪುನಃ ಇಳಿಸಿದಳು. ನೋವು ಇನ್ನೂ ಜೋರಾಯಿತು. ಏನೂ ಇಲ್ಲವೆಂದು ಕೈಸನ್ನೆ ಮಾಡಿದೆ, ಸುಳ್ಳು. ಅವಳು ನನ್ನ ಮುಖ ನೋಡಿಯೇ ಮೇಲೆ ಕರೆತಂದಳು.

"ಇನ್ನೊಂದ್ಸಲ ನೋಡೋಣ," ಎಂದು ಅಂಗಲಾಚಿದೆ.

"ಬೇಡ ಮೇಡಂ, ಕಿವಿ ತಮಟೆ ಒಡೆದರೆ ಕಷ್ಟ." ಆಮೇಲೆ ಅಕ್ಕನ ಕಡೆ ತಿರುಗಿ, "ನೀವು ಇಳೀತೀರಾ? ಈಜು ಬರದಿದ್ರೂ ಅಡ್ಡಿಯಿಲ್ಲ, ನಾನು ಹಿಡ್ಕೊಂಡೇ ಇರ್ತೀನಿ," ಎಂದಳು.

ಅಕ್ಕ ಹೂಂ ಅಂದುಬಿಟ್ಟಳು! ಇಳಿದಳು. ಮೂಗು ಹಿಡಿದು ಒಂದೇ ಸಲ ಊದಿರಬೇಕು, ನೋಡನೋಡುತ್ತಲೇ ಮರೆಯಾದಳು. ನಾನು ದೋಣಿಯಲ್ಲಿ ಕೂತು ಅವಳ ಗಾಳಿಗುಳ್ಳೆಗಳನ್ನು ನೋಡುತ್ತಿದ್ದೆ. ಉಪ್ಪುನೀರು ಕಣ್ಣಿಗೆ ಹೋಗಿದೆ ಎಂದು ಪಕ್ಕದವರಿಗೆ ಹೇಳಿದೆ.

ಮೇಲೆ ಬಂದವಳ ಮುಖ ಅರಳಿತ್ತು. "ಎಂತ ಚಂದ ಮಾರಾಯ್ತಿ! ಆಮೆ ಬಂತು ಕಣೆ, ಇಷ್ಟು ಹತ್ರ!"

"ಹವಳ? ಕೊಂಬೆ ತರ ಇತ್ತಾ, ಗುಂಡಗೆ ಮೆದುಳಿನ ತರ ಇತ್ತಾ?"

"ಅದೆಲ್ಲ ಎಂತಕ್ಕೆ ನೋಡ್ಲಿ? ಒಂದು ನೀಲಿ ಮೀನು, ನಮ್ಮಂಗಡಿ ಸ್ಯಾಟಿನ್ ಇದ್ದ ಹಾಗೇ ಇತ್ತು."

ವಾಪಸ್ ಬರುವಾಗ ದಾರಿಯುದ್ದಕ್ಕೂ ಕೇಳಿದ್ದನ್ನೇ ಕೇಳಿದೆ. ಅವಳಿಗೆ ಆಮೆ, ಸ್ಯಾಟಿನ್ ಬಿಟ್ಟರೆ ಬೇರೆ ನೆನಪಿಲ್ಲ. ಹೊಸನಗರ ದಾಟುವಷ್ಟರಲ್ಲಿ ಅವಳ ಮೇಲೆ ರೇಗಿದೆ. ಅವಳು ಮಾತು ಬಿಟ್ಟಳು.

ಸಾಗರದ ಕಿವಿ ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ಮೂಳೆ ಸೊಟ್ಟಗಿದೆ, ಆಪರೇಷನ್ ಮಾಡಿದರೂ ಆಳದಲ್ಲಿ ಕಿವಿ ತೆರೆಯುತ್ತದೆಂದು ಹೇಳಲಾರೆ ಎಂದರು. ಹುಟ್ಟಿದಾಗಿನಿಂದ ಇದ್ದ ಸೊಟ್ಟ ಮೂಳೆ ಇಷ್ಟು ವರ್ಷ ಸುಮ್ಮನಿದ್ದು ಈಗ ಅಡ್ಡ ಬರಬೇಕೆ?

ಮುಂದಿನ ಬೇಸಿಗೆಯಲ್ಲಿ ಮತ್ತೆ ಹೋದೆ. ಈ ಸಲ ಮುಳುಗುವ ಮಾತೇ ಇರಲಿಲ್ಲ, ಈಜುಗನ್ನಡಕ ಕಟ್ಟಿಕೊಂಡು ನೀರಿನ ಮೇಲೆ ಬೋರಲು ತೇಲಿದೆ. ಹಿಂದಿನ ದಿನದ ಗಾಳಿಗೆ ನೀರು ಕದಡಿತ್ತು. ಕೆಳಗೆ ಕಂದು ಬಣ್ಣದ ಗುಡ್ಡೆಯೊಂದು ಕಂಡಿತು. ಬಂಡೆಯೋ ಹವಳವೋ ಎಂದು ಕೇಳಿದ್ದಕ್ಕೆ ದೋಣಿಯವನು, "ಎರಡೂ ಇರಬಹುದು," ಎಂದ.